ಸಿಗಡಿ ಸಿಪ್ಪೆಗೆ ತಾಂಡೂರಿನ ನೆಂಟಸ್ತಿಕೆ

ಸೇಡಂ ದಾಟಿ ತಾಂಡೂರಿಗೆ ಹೋದವರಿಗೆ ಫರಸಿ ಕಲ್ಲಿನ ಪರಿಚಯ ಹೇಳಬೇಕಿಲ್ಲ. ಪಾಲಿಶ್ ಘಟಕಗಳ ಹೊರಗೆ ಬೂದುಬಿಳಿ ಕೆಸರು ಒಣಗಿ ಗುಡ್ಡೆ ಬಿದ್ದಿರುತ್ತದೆ. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಂಗಳೂರಿನವರು ತಿಂದು ಎಸೆಯುವ ಮರುವಾಯಿ ಚಿಪ್ಪೂ ಅದೇ ವಸ್ತು. ಸಿಗಡಿಯ ಸಿಪ್ಪೆಯಲ್ಲೂ ಅದರ ಪಾಲು ದೊಡ್ಡದು. (ಹಾಗಂತ ತಾಂಡೂರಿನ ಕಲ್ಲು ಚಿಪ್ಪುಗಳಿಂದಾದದ್ದಲ್ಲ. ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲೇ ಈ ಪದರಗಳು ಕಡಲತಳದಲ್ಲಿ ಕೂತಿದ್ದವು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ.)

ಕಾರ್ಖಾನೆಯ ಆಮ್ಲೀಯ ಕೊಳಚೆನೀರಿಗೆ ಚಿಪ್ಪಿನ ಪುಡಿ ಹಾಕಿದರೆ ಆಮ್ಲ ತಗ್ಗುತ್ತದೆ, ಕರಗಿದ್ದ ಸೀಸ, ತಾಮ್ರಗಳು ಗಸಿಯಾಗಿ ತಳ ಸೇರುತ್ತವೆ. ಇಷ್ಟನ್ನು ಫರಸಿಯ ಪುಡಿಯೂ ಮಾಡಬಲ್ಲದು. ಆದ್ದರಿಂದ ಕರಾವಳಿಯಿಂದ ಲಾರಿಗಟ್ಟಲೆ ಚಿಪ್ಪು ಇಲ್ಲಿಗೆ ತರಿಸುವುದು ನನ್ನ ಪ್ರಕಾರ ಡೀಸೆಲ್ ದಂಡ. ಬೇಕಾಗಿರುವುದು ಸಿಗಡಿ ಸಿಪ್ಪೆಯ ಇನ್ನೊಂದು ಭಾಗ: ಕೈಟಿನ್.

1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಇದನ್ನು ಮೊದಲು ಗುರುತಿಸಿದ್ದು ಅಣಬೆಯಲ್ಲಿ. ಸಿಗಡಿ ಸುಲಿದಾಗ ತಲೆ, ಸಿಪ್ಪೆ ಸೇರಿ ತೂಕದ ಸುಮಾರು ಅರ್ಧದಷ್ಟು ಕಸಕ್ಕೆ ಹೋಗುತ್ತದೆ. ಆ ಕಸವನ್ನು ತೆಳು ಆಮ್ಲದಲ್ಲಿ ನೆನೆಸಿದರೆ ಸುಣ್ಣದ ಅಂಶ ಕರಗುತ್ತದೆ, ತೆಳು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಪ್ರೋಟೀನು ಹೋಗುತ್ತದೆ. ಉಳಿದ ಕೈಟಿನ್ನನ್ನು ಶೇ 40–50ರ ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಈ ಕೆಲಸದಲ್ಲಿ ಬಹಳ ಕಾಲದಿಂದ ಪಳಗಿದೆ.

ಬೇಯಿಸಿದಾಗ ಕೈಟಿನ್ ಸರಪಳಿಯ ಅಸಿಟೈಲ್ ಗುಂಪುಗಳು ಕಳಚಿ ಅಮೈನೋ ಗುಂಪುಗಳು ಬಯಲಾಗುತ್ತವೆ. ಅಲ್ಲಿನ ನೈಟ್ರೋಜನ್ ಬಳಿ ಹಂಚಿಕೊಳ್ಳಲು ಒಂದು ಜೋಡಿ ಎಲೆಕ್ಟ್ರಾನು ಇದೆ. ತಾಮ್ರ, ಪಾದರಸ, ಸೀಸದ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ನೀರು ಹೆಚ್ಚು ಆಮ್ಲೀಯವಾದರೆ ಆಟ ತಿರುವುಮುರುವು: ನೈಟ್ರೋಜನ್ ಪ್ರೋಟಾನ್ ಹಿಡಿದು ಧನ ವಿದ್ಯುದಂಶ ಪಡೆಯುತ್ತದೆ, ತಾಮ್ರ ದೂರ ಸರಿಯುತ್ತದೆ, ಋಣ ವಿದ್ಯುದಂಶದ ಕ್ರೋಮೇಟ್ ಹತ್ತಿರ ಬರುತ್ತದೆ. ಲೋಹಲೇಪನ (ಎಲೆಕ್ಟ್ರೋಪ್ಲೇಟಿಂಗ್) ಘಟಕಗಳ ನೀರಿನಲ್ಲಿ ಷಟ್‌ವೇಲೆನ್ಸಿ ಕ್ರೋಮಿಯಂ ಇರುವುದು ಈ ಕ್ರೋಮೇಟ್ ರೂಪದಲ್ಲೇ. ಸುಣ್ಣಕ್ಕೋ ಕಲ್ಲುಪುಡಿಗೋ ಅದು ಬಗ್ಗುವುದಿಲ್ಲ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ.

ಒಂದು ತೊಡಕು: ಆಮ್ಲದಲ್ಲಿ ಕೈಟೋಸಾನ್ ತಾನೇ ಕರಗುತ್ತದೆ. ಅದಕ್ಕೇ ಗ್ಲುಟರಾಲ್ಡಿಹೈಡ್‌ನಿಂದ ಅದರ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಮಣಿಗಳಾಗಿ ಮಾಡುತ್ತಾರೆ. ಬಿಗಿತ ಹೆಚ್ಚಾದರೆ ಲೋಹ ಹಿಡಿಯಬೇಕಾದ ಅಮೈನೋ ಗುಂಪುಗಳೇ ಖರ್ಚಾಗುತ್ತವೆ.

ಜಹೀರಾಬಾದಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಸಿಗುವ ಪಟಾನ್‌ಚೆರುವಿನ ಕಾರ್ಖಾನೆ ನೀರು ನಕ್ಕವಾಗು ಹಳ್ಳಕ್ಕೆ ಸೇರಿ ಹಳ್ಳಿಗಳ ಹೊಲ ಕೆಡಿಸಿದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ನೂರಾರು ಬಗೆಯ ರಾಸಾಯನಿಕ ಬೆರೆತ ಅಂಥ ನೀರಿಗೆ ನೇರವಾಗಿ ಮಣಿ ಸುರಿದರೆ ಎಣ್ಣೆ, ಬಣ್ಣ, ಉಪ್ಪುಗಳೇ ಮಣಿಯನ್ನು ಮುಚ್ಚಿಬಿಡುತ್ತವೆ. ಕ್ರೋಮಿಯಂ ನೀರನ್ನು ಲೇಪನ ಘಟಕದ ಬಾಗಿಲಲ್ಲೇ ಬೇರೆ ಮಾಡಿ ಆಮ್ಲೀಯವಾಗಿರುವಾಗಲೇ ಮಣಿಗಳ ಮೂಲಕ ಹಾಯಿಸಬೇಕು. ಉಳಿದ ಆಮ್ಲೀಯ ನೀರಿಗೆ ಮೊದಲು ಕಲ್ಲುಪುಡಿ, ಗಸಿ ಕೂತ ಮೇಲೆ ಅಳಿದುಳಿದ ಲೋಹಕ್ಕೆ ಮಣಿ. ತುಂಬಿದ ಮಣಿಯನ್ನು ತಾಮ್ರವಾದರೆ ಆಮ್ಲದಲ್ಲಿ, ಕ್ರೋಮೇಟಾದರೆ ಕ್ಷಾರದಲ್ಲಿ ತೊಳೆದು ಮತ್ತೆ ಬಳಸಬಹುದು. ತೊಳೆದ ಆ ಸಾರದಲ್ಲಿ ಲೋಹ ದಟ್ಟವಾಗಿರುತ್ತದೆ. ಅದನ್ನು ಲೇಪನದ ತೊಟ್ಟಿಗೇ ಮರಳಿಸುವ ದಾರಿ ಮಾಡದೆ ಹಳ್ಳಕ್ಕೆ ಬಿಟ್ಟರೆ ಸಿಗಡಿಯ ಶ್ರಮವೆಲ್ಲ ದಂಡ.