ಖಾಸಗಿ ದೂರು ಮತ್ತು ನಮ್ಮ ಮಾತು

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕೋರ್ಟು ಕಚೇರಿ ಮಾತು ಯಾಕೆ ಅಂತ ಗೆಳೆಯರು ಕೇಳಬಹುದು. ನಮ್ಮ ಕೇರಿಗಳಲ್ಲಿ ಕವಿತೆಗಿಂತ ಮೊದಲು ಹುಟ್ಟಿದ್ದು ಅರ್ಜಿ. ಅದನ್ನು ಯಾರು ಬರೆದರು, ಯಾವ ಮಾತನ್ನು ಬಿಟ್ಟರು ಅನ್ನೋದು ನನ್ನ ಪಾಲಿಗೆ ವಿಮರ್ಶೆಯ ಪ್ರಶ್ನೆಯೇ.

ಕೆಲವು ವರ್ಷಗಳ ಹಿಂದೆ ಒಬ್ಬ ಕೂಲಿ ಹೆಣ್ಣುಮಗಳ ಜೊತೆ ಠಾಣೆಗೆ ಹೋಗಿದ್ದೆ. ನಲ್ಲಿ ಹತ್ತಿರ ಜಾತಿ ಹಿಡಿದು ಬೈದು ಹೊಡೆದಿದ್ದರು. ಬರೆದುಕೊಂಡವರು ಹೊಡೆತ ಬರೆದರು, ಜಾತಿ ಬಿಟ್ಟರು. ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ: 'ನಾನ್ ಹೇಳಿದ್ದು ಎಲ್ಲೈತೆ?'

ಈ ಪ್ರಶ್ನೆಗೆ ಕಾನೂನಿನಲ್ಲಿರುವ ಒಂದು ಉತ್ತರ ಖಾಸಗಿ ದೂರು. ಪೊಲೀಸರು ಕೇಸು ಬರೆಯದಿದ್ದರೆ, ಅಥವಾ 'ಬಿ' ವರದಿ ಹಾಕಿ ಮುಚ್ಚಿದರೆ, ನೊಂದವರೇ ನೇರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಲ್ಲಿ ದೂರುದಾರರು ಪ್ರಮಾಣ ಮಾಡಿ ಹೇಳುವುದನ್ನು ನ್ಯಾಯಾಲಯವೇ ಬರೆದುಕೊಳ್ಳಬೇಕು. ಹಳೆಯ ಸಂಹಿತೆಯ 200ನೇ ಕಲಂ ಹೇಳಿದ್ದು ಇದನ್ನೇ. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ. ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣವನ್ನು ವಿಶೇಷ ನ್ಯಾಯಾಲಯ ನೇರವಾಗಿ ಕೈಗೆತ್ತಿಕೊಳ್ಳುವ ಅಧಿಕಾರ 2016ರ ಜನವರಿ 26ರಿಂದ ಜಾರಿಯಲ್ಲಿದೆ.

ಆದರೆ ಈ ಬಾಗಿಲು ನಮಗೊಬ್ಬರಿಗೇ ತೆರೆದಿಲ್ಲ. ನಾವು ದೌರ್ಜನ್ಯದ ಕೇಸು ಹಾಕಿದ ಬೆನ್ನಿಗೇ ಎದುರಿನವರು ಕಳವು, ಹಲ್ಲೆ ಅಂತ ಪ್ರತಿದೂರು ಹಾಕುತ್ತಾರೆ. ಶಿಕ್ಷೆಯಾಗಲೇಬೇಕು ಅಂತಿಲ್ಲ, ವಾಯಿದೆಗಳೇ ಸಾಕು. ಅವರಿಗೆ ಅದು ವಕೀಲರ ಫೀಸು. ನಮಗೆ ಹೋದ ಕೂಲಿ, ಕೊನೆಗೆ ರಾಜಿ. ಬಾಯಿ ಮುಚ್ಚಿಸುವುದಕ್ಕೂ ಇದೇ ದಾರಿ. ನಟಿ ಖುಷ್ಬೂ 2005ರಲ್ಲಿ ಆಡಿದ ಮಾತಿಗೆ 23 ದೂರುಗಳು ಬಿದ್ದವು. ಸುಪ್ರೀಂ ಕೋರ್ಟು ಅವನ್ನು ರದ್ದು ಮಾಡಿದ್ದು 2010ರಲ್ಲಿ. ಗೆದ್ದರೂ ಐದು ವರ್ಷ ಹೋಯಿತು.

ಹಾಗಂತ ಬಾಗಿಲು ಕಿರಿದು ಮಾಡಿ ಅನ್ನೋಣವೆ? ಹೊಸ ಸಂಹಿತೆ ಆರೋಪಿಯ ಮಾತು ಕೇಳದೆ ದೂರನ್ನು ವಿಚಾರಣೆಗೆ ಅಂಗೀಕರಿಸಬಾರದು ಅನ್ನುತ್ತೆ. ಸುಳ್ಳು ದೂರಿಗೆ ಇದೊಂದು ತಡೆ, ನಿಜ. ಆದರೆ ಕೇಸು ಹುಟ್ಟುವ ಮೊದಲೇ ಊರಿನ ಬಲಾಢ್ಯನಿಗೆ ಸುದ್ದಿ ಮುಟ್ಟುತ್ತದೆ. ಸಾಕ್ಷಿಗಳು ಅವನ ಹೊಲದಲ್ಲೇ ದುಡಿಯುವವರು. 2018ರ ಮಾರ್ಚಿನಲ್ಲಿ ದುರುಪಯೋಗದ ಹೆಸರಲ್ಲೇ ಸುಪ್ರೀಂ ಕೋರ್ಟು ದೌರ್ಜನ್ಯ ಕಾಯ್ದೆಗೆ ಲಗಾಮು ಹಾಕಿತ್ತು. ಬೀದಿ ಎದ್ದಿತು, ಸಂಸತ್ತು ತಿದ್ದುಪಡಿ ತಂದಿತು, 2019ರ ಅಕ್ಟೋಬರಿನಲ್ಲಿ ಕೋರ್ಟೇ ಆ ನಿರ್ದೇಶನಗಳನ್ನು ಹಿಂದಕ್ಕೆ ಪಡೆಯಿತು.

ದುರುಪಯೋಗವನ್ನು ಅಳೆಯಬೇಕಾದ್ದು ದೂರುದಾರನ ಜಾತಿಯಿಂದಲ್ಲ, ದೂರಿನ ಸತ್ಯದಿಂದ. ಈ ಅಳತೆ ನಮಗೂ ಅನ್ವಯಿಸಬೇಕು. ಹಗೆ ತೀರಿಸಲು ನಾವು ಬರೆಸುವ ಒಂದು ಸುಳ್ಳು ದೂರು ಹತ್ತು ನಿಜವಾದ ದೂರುಗಳ ಮೇಲೆ ಅನುಮಾನ ತರುತ್ತೆ. ಸಂಘಟನೆಯವರು ಇದನ್ನು ಒಳಗೇ, ಗಟ್ಟಿಯಾಗಿ ಮಾತಾಡಬೇಕು.

ಇನ್ನೊಂದು ಮಾತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತೆ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತೆ, ಕೇಳಿ ಪಡೆಯಿರಿ. ದೂರು ಬರೆಯಲು ಕೂತ ಗೆಳೆಯರು ಅಲಂಕಾರ ಬಿಡಿ. ಆಡಿದ ಬೈಗುಳ ಕೆಟ್ಟದಾಗಿದ್ದರೂ ಹಾಗೇ ಬರೆಯಿರಿ. ದಿನ, ಜಾಗ, ನೋಡಿದವರ ಹೆಸರು ಬಿಡಬೇಡಿ. ಆಮೇಲೆ ಹೇಳಿದವರಿಗೇ ಓದಿ ಹೇಳಿ. 'ಹೂಂ, ಇದು ನಾನ್ ಹೇಳಿದ್ದೇ' ಅಂದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.