ರಟ್ಟಿನಲ್ಲೊಂದು ಹರಿಹರದ ಲೇತ್

ದಾವಣಗೆರೆ ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್ ಸೇರಿದವು. ಕಾರ್ಖಾನೆ ಮುಚ್ಚಿ ವರ್ಷಗಳಾದವು. ಆದರೂ ಆ ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋದು ಈ ಊರಿನ ಮಕ್ಕಳಿಗೆ ಗೊತ್ತಿರಲೇಬೇಕು. ಬನ್ನಿ, ರಟ್ಟಿನಲ್ಲಿ ಮಾಡೋಣ.

ಕಿರಾಣಿ ಅಂಗಡಿಯಲ್ಲಿ ಖಾಲಿ ಬಾಕ್ಸ್ ಕೇಳಿ ತನ್ನಿ. ಪಟ್ಟಿ ಕತ್ತರಿಸೋ ಮುಂಚೆ ರಟ್ಟಿನ ಅಂಚು ನೋಡಿ. ಎರಡು ಹಾಳೆಗಳ ನಡುವೆ ಅಲೆ ಅಲೆಯಾದ ಕಾಗದ ಇದೆ. ಆ ಅಲೆಯ ಸಾಲು ಪಟ್ಟಿಯ ಉದ್ದಕ್ಕೇ ಇರಬೇಕು. ಅಡ್ಡಡ್ಡ ಇದ್ದರೆ ಒತ್ತಿದ ಕೂಡಲೇ ಮಡಚಿಕೊಳ್ಳುತ್ತೆ. ಅಂಥ ಮೂರು ಪಟ್ಟಿ ಒಂದರ ಮೇಲೊಂದು ಅಂಟಿಸಿ. ಇದೇ ಬೆಡ್, ಲೇತಿನ ಬೆನ್ನೆಲುಬು.

ಎಡಕ್ಕೆ ಹೆಡ್‌ಸ್ಟಾಕ್: ಸಣ್ಣ ಪೆಟ್ಟಿಗೆ, ಎದುರುಬದುರು ಎರಡು ತೂತು. ಅದರಲ್ಲಿ ಹಳೇ ಸ್ಕೆಚ್ ಪೆನ್ ತೂರಿಸಿ. ಹೊರತುದಿಗೆ ರಟ್ಟಿನ ಚಕ್ರ, ಒಳತುದಿಗೆ ಟೇಪ್ ಸುತ್ತಿ ಸೀಮೆಸುಣ್ಣ. ಬಲಕ್ಕೆ ಟೇಲ್‌ಸ್ಟಾಕ್: ಗುಂಡುಸೂಜಿ ಚುಚ್ಚಿದ ಇನ್ನೊಂದು ಸಣ್ಣ ಪೆಟ್ಟಿಗೆ. ಅದರ ಗುಂಡುಸೂಜಿ ಸೀಮೆಸುಣ್ಣದ ನಟ್ಟನಡುವೆ ಚುಚ್ಚಿ ನಿಲ್ಲಬೇಕು. ಇಲ್ಲಿ ಅವಸರ ಬೇಡ. ಸ್ವಲ್ಪ ವಾಲಿದರೂ ಸೀಮೆಸುಣ್ಣ ಓಲಾಡುತ್ತೆ.

ಈಗ ಚಕ್ರ ತಿರುಗಿಸಿ, ಸ್ಯಾಂಡ್‌ಪೇಪರ್ ಸುತ್ತಿದ ಕಡ್ಡಿಯನ್ನು ಮೆಲ್ಲಗೆ ಒತ್ತಿ. ಬಿಳಿ ಪುಡಿ ಉದುರುತ್ತಾ ನಡುವೆ ಸೊಂಟ ಮೂಡುತ್ತೆ, ನೋಡಿ! ಕಬ್ಬಿಣದ ಲೇತಿನಲ್ಲೂ ನಡೆಯೋದು ಇದೇ: ಜಾಬ್, ಅಂದ್ರೆ ಹೆರೆಯಬೇಕಾದ ತುಂಡು, ತಿರುಗುತ್ತೆ; ಟೂಲ್ ಹೆರೆಯುತ್ತೆ.

ಬ್ಲೇಡ್ ಮಾತ್ರ ದೊಡ್ಡವರ ಕೈಯಲ್ಲಿರಲಿ. ಮನೆಯಲ್ಲಿ ಕಿರ್ಲೋಸ್ಕರ್‌ನಲ್ಲಿ ದುಡಿದ ಅಜ್ಜ ಇದ್ದರೆ, ಮಾಡೆಲ್ ಅವರ ಮುಂದಿಟ್ಟು ಕೇಳಿ: ‘ಅಜ್ಜಾ, ಇದರಲ್ಲಿ ಏನು ಕಮ್ಮಿ ಐತಿ?’