ಬಾಕಿ ಕೂಲಿ ಮತ್ತು ಚಿನ್ನದ ಬೇಟೆ

ಹಾಲಿವುಡ್ಡಿನ ಚಿನ್ನದ ಬೇಟೆಯ ಚಿತ್ರಗಳೆಂದೊಡನೆ ನಮ್ಮಲ್ಲಿ ಒಂದು ತಲೆಮಾರಿನ ಪ್ರೇಕ್ಷಕರಿಗೆ ನೆನಪಾಗುವುದು 1969ರ ‘ಮೆಕನ್ನಾಸ್ ಗೋಲ್ಡ್’. ಗ್ರೆಗರಿ ಪೆಕ್, ಒಮರ್ ಷರೀಫ್, ಬಂಗಾರದ ಕಣಿವೆ, ಕೊನೆಗೆ ಕುಸಿದು ಬೀಳುವ ಬೆಟ್ಟ. ಭಾರತದ ನಗರಗಳಲ್ಲಿ ಅದು ಮತ್ತೆ ಮತ್ತೆ ತೆರೆ ಕಂಡಿತು. ದುರಾಸೆಗೆ ತಕ್ಕ ಶಾಸ್ತಿಯಾಯಿತೆಂಬ ಸಮಾಧಾನದಿಂದ ಪ್ರೇಕ್ಷಕರು ಹೊರಬರುತ್ತಿದ್ದರು. ನಾಯಕ ಏರಿದ ಕುದುರೆಯ ಜೀನಿನ ಚೀಲದಲ್ಲಿ ಚಿನ್ನ ಉಳಿದುಕೊಂಡಿದ್ದರ ಬಗ್ಗೆ ಯಾರದೂ ತಕರಾರಿರಲಿಲ್ಲ!

ಈ ಬಗೆಯ ಚಿತ್ರಗಳನ್ನೆಲ್ಲ ದುರಾಸೆಯ ನೀತಿಕಥೆಗಳೆಂದು ಓದುವುದು ವಾಡಿಕೆ. ಆದರೆ ಇವುಗಳ ಪೈಕಿ ಉತ್ತಮವಾದವು ನಿರುದ್ಯೋಗದಿಂದ ಆರಂಭವಾಗುತ್ತವೆ ಎಂಬ ಸಂಗತಿ ಅಷ್ಟಾಗಿ ಗಮನ ಸೆಳೆದಿಲ್ಲ.

ಜಾನ್ ಹ್ಯೂಸ್ಟನ್ 1948ರಲ್ಲಿ ತೆರೆಗೆ ತಂದ ‘ದಿ ಟ್ರೆಷರ್ ಆಫ್ ದಿ ಸಿಯೆರಾ ಮಾದ್ರೆ’ಯನ್ನು ನೋಡಬೇಕು. ಕಥೆ ನಡೆಯುವುದು 1925ರ ಮೆಕ್ಸಿಕೋದಲ್ಲಿ. ಟ್ಯಾಂಪಿಕೊ ಪಟ್ಟಣದ ಬೀದಿಯಲ್ಲಿ ಹಂಫ್ರಿ ಬೋಗಾರ್ಟ್ ಅಭಿನಯಿಸಿದ ಡಾಬ್ಸ್ ಲಾಟರಿ ಫಲಿತಾಂಶ ನೋಡಿ ಚೀಟಿ ಹರಿದೆಸೆಯುತ್ತಾನೆ. ಸ್ವದೇಶದವರೆಂದು ತೋರಿದವರ ಮುಂದೆ ಕೈಚಾಚಿ ಊಟದ ಕಾಸು ಬೇಡುತ್ತಾನೆ. ಬಳಿಕ ತೈಲಬಾವಿಯ ಕಾಮಗಾರಿಯಲ್ಲಿ ಬೆವರು ಸುರಿಸಿದರೂ ಗುತ್ತಿಗೆದಾರ ಕೂಲಿ ಕೊಡದೆ ತಲೆತಪ್ಪಿಸಿಕೊಳ್ಳುತ್ತಾನೆ. ಡಾಬ್ಸ್ ಮತ್ತು ಅವನ ಗೆಳೆಯ ಕರ್ಟಿನ್ ಅವನನ್ನು ಮದ್ಯದಂಗಡಿಯಲ್ಲಿ ಹಿಡಿದು, ಬಡಿದಾಡಿ, ತಮಗೆ ಸಲ್ಲಬೇಕಾದಷ್ಟನ್ನು ಮಾತ್ರ ಎಣಿಸಿಕೊಳ್ಳುತ್ತಾರೆ. ಮುಂದೆ ಚಿನ್ನದ ಹುಡಿಗಾಗಿ ಕೊಲೆಗೂ ಹೇಸದ ಮನುಷ್ಯ ಇಲ್ಲಿ ಒಂದು ಪೆಸೊ ಹೆಚ್ಚು ಮುಟ್ಟುವುದಿಲ್ಲ. ಬೆಟ್ಟ ಹತ್ತುವ ಖರ್ಚಿಗೆ ನೆರವಾಗುವುದು ಈ ಬಾಕಿ ಕೂಲಿ, ಜೊತೆಗೆ ಮತ್ತೊಂದು ಲಾಟರಿ ಚೀಟಿಗೆ ಬಂದ ಸಣ್ಣ ಬಹುಮಾನ.

ಹೊಸ ಚಿನ್ನ, ಬೆಳ್ಳಿಯ ಗಣಿಗಳ ಹುಡುಕಾಟವನ್ನು ಆಡಂ ಸ್ಮಿತ್ 1776ರಲ್ಲೇ ಜಗತ್ತಿನ ಅತ್ಯಂತ ನಷ್ಟದ ಲಾಟರಿಗೆ ಹೋಲಿಸಿದ್ದ. ಚಿತ್ರದ ಮುದುಕ ಹೊವಾರ್ಡ್ (ನಿರ್ದೇಶಕರ ತಂದೆ ವಾಲ್ಟರ್ ಹ್ಯೂಸ್ಟನ್ ಈ ಪಾತ್ರಕ್ಕೆ ಆಸ್ಕರ್ ಪಡೆದರು) ಬೇರೆಯೇ ವಾದ ಹೂಡುತ್ತಾನೆ. ಸಾವಿರ ಮಂದಿ ಹುಡುಕಿದರೆ ಒಬ್ಬನಿಗೆ ಸಿಗುತ್ತದೆ, ಬರಿಗೈಯಲ್ಲಿ ಮರಳಿದ 999 ಮಂದಿಯ ಶ್ರಮವೂ ಸೇರಿಯೇ ಚಿನ್ನಕ್ಕೆ ಆ ಬೆಲೆ ಎಂಬುದು ಅವನ ಲೆಕ್ಕ. ಮಾತು ಸೊಗಸಾಗಿದೆ; ಅರ್ಥಶಾಸ್ತ್ರ ಸರಿಯಿಲ್ಲ. ಕಥೆಯ ಕಾಲಕ್ಕೆ ಅಮೆರಿಕ ಚಿನ್ನದ ಬೆಲೆಯನ್ನು ಕಾನೂನಿನಿಂದಲೇ ಔನ್ಸಿಗೆ 20 ಡಾಲರ್ 67 ಸೆಂಟ್ ಎಂದು ಗೊತ್ತುಪಡಿಸಿತ್ತು. ಅಲ್ಲದೆ ಆ 999 ಮಂದಿಯ ಶ್ರಮ ಬೆಲೆಯಲ್ಲಿ ಸೇರಿದ್ದರೂ ಅವರಿಗೇನು ಬಂತು?

ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ (1925) ಹಾಸ್ಯಚಿತ್ರವಾದರೂ ಹಸಿವಿನ ವಿಷಯದಲ್ಲಿ ಹುಡುಗಾಟವಾಡಿಲ್ಲ. ಬೂಟು ಬೇಯಿಸಿ ತಿನ್ನುವ ದೃಶ್ಯಕ್ಕಿಂತಲೂ ಆರಂಭದಲ್ಲಿ ಹಿಮದ ಕಣಿವೆಯನ್ನು ಇರುವೆಸಾಲಿನಂತೆ ಏರುವ ನೂರಾರು ಜನರ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಅದು ಕ್ಲಾಂಡೈಕ್‌ಗೆ ಹೋಗುವ ಚಿಲ್ಕೂಟ್ ಕಣಿವೆದಾರಿಯ ಮರುಸೃಷ್ಟಿ. ಕೆನಡಾದ ಈ ನಾಡಿನಲ್ಲಿ 1896ರಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಚಿನ್ನ ಹೊತ್ತ ಹಡಗು ಸಿಯಾಟಲ್ ತಲುಪಿದಾಗ ಅಮೆರಿಕ ಇನ್ನೂ 1893ರ ಆರ್ಥಿಕ ಕುಸಿತದಿಂದ ಚೇತರಿಸಿಕೊಂಡಿರಲಿಲ್ಲ. ಸುಮಾರು ಒಂದು ಲಕ್ಷ ಮಂದಿ ಹೊರಟರು. ಮೂವತ್ತು ನಲವತ್ತು ಸಾವಿರ ಮಂದಿ ತಲುಪಿದರು. ಚಿನ್ನ ಕಂಡವರು ಸುಮಾರು ನಾಲ್ಕು ಸಾವಿರ. ವರ್ಷಕ್ಕೆ ಸಾಲುವಷ್ಟು ಆಹಾರವಿಲ್ಲದವರನ್ನು ಕೆನಡಾ ಪೊಲೀಸರು ಒಳಬಿಡುತ್ತಿರಲಿಲ್ಲ. ಸಲಕರಣೆ ಸೇರಿ ಒಂದು ಟನ್ನಿನಷ್ಟಾಗುತ್ತಿದ್ದ ಈ ಸಾಮಾನನ್ನು ಮಾರಿದ ಸಿಯಾಟಲ್‌ನ ವರ್ತಕರು ಮಂಜುಗಡ್ಡೆ ಮೆಟ್ಟದೆಯೇ ಲಾಭ ಕಂಡರು. 1848ರ ಕ್ಯಾಲಿಫೋರ್ನಿಯಾದಲ್ಲೂ ಅಷ್ಟೆ: ಚಿನ್ನ ಸಿಕ್ಕಿತೆಂದು ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳಲ್ಲಿ ಸಾರಿದ ಸ್ಯಾಮ್ ಬ್ರ್ಯಾನನ್ ಗಣಿ ಸಾಮಗ್ರಿಯ ಅಂಗಡಿಯಿಂದಲೇ ಶ್ರೀಮಂತನಾದ. ಆದರೆ ಅಂಗಡಿಯವನನ್ನು ನಾಯಕನನ್ನಾಗಿಸಿ ಸಿನಿಮಾ ತೆಗೆಯುವುದು ಕಷ್ಟ.

ಎರಡನೆಯ ಹಂತದಲ್ಲಿ ಬರುವುದು ಬಂಡವಾಳ. ಕ್ಲಿಂಟ್ ಈಸ್ಟ್‌ವುಡ್‌ನ ‘ಪೇಲ್ ರೈಡರ್’ (1985) ಇದನ್ನು ಚೆನ್ನಾಗಿ ತೋರಿಸಿದೆ. ತೊರೆಯಲ್ಲಿ ಮರಳು ಜಾಲಾಡುವ ಬಡ ಕುಟುಂಬಗಳು ಒಂದೆಡೆ, ಭಾರಿ ನೀರಿನ ಧಾರೆಯಿಂದ ಗುಡ್ಡವನ್ನೇ ಕೊಚ್ಚುವ ಕಂಪನಿ ಇನ್ನೊಂದೆಡೆ. ಕಂಪನಿಯನ್ನು ಚಿತ್ರದಲ್ಲಿ ಬಂದೂಕು ಮಣಿಸುತ್ತದೆ. ವಾಸ್ತವದಲ್ಲಿ ಹೂಳಿನಿಂದ ಹೊಲಗದ್ದೆ ಕಳೆದುಕೊಂಡ ಕಣಿವೆಯ ರೈತರು ದಾವೆ ಹೂಡಿ, 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಅವರ ತೀರ್ಪಿನಿಂದ ಗೆದ್ದರು. ಒಂಟಿ ಅನ್ವೇಷಕನ ಕೈಯಿಂದ ಕಂಪನಿಗೆ ಗಣಿ ಜಾರುವುದು ಕೋಲಾರದಲ್ಲೂ ನಡೆದದ್ದೇ. 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮಾಜಿ ಸೈನಿಕ ಮೈಕೇಲ್ ಲವೆಲ್ಲೆ ಬಂಡವಾಳವಿಲ್ಲದೆ ಹಕ್ಕನ್ನು ವರ್ಗಾಯಿಸಿದ. ಗಣಿಯನ್ನು ಲಾಭಕ್ಕೆ ತಂದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್.

ಈ ಚಿತ್ರಗಳು ಬಹುಮಟ್ಟಿಗೆ ಮರೆಮಾಚಿರುವ ಇನ್ನೊಂದು ಲೆಕ್ಕವಿದೆ. 1848ರಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಸುಮಾರು ಒಂದೂವರೆ ಲಕ್ಷವಿದ್ದರು. ಸುಮಾರು 1870ರ ವೇಳೆಗೆ ಮೂವತ್ತು ಸಾವಿರಕ್ಕೆ ಇಳಿದರು. ರೋಗ, ಹಸಿವು, ನೆಲೆ ತಪ್ಪಿದ್ದು, ನೇರ ಹತ್ಯೆ ಎಲ್ಲವೂ ಕಾರಣ. ಹತ್ಯೆಗೆ ಹೊರಟ ಸ್ವಯಂಸೇವಕ ದಳಗಳ ವೆಚ್ಚವನ್ನು ಸರ್ಕಾರವೇ ಭರಿಸಿತು. 1850ರಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿದಾಗ, ಆ ಕೆಲಸವನ್ನು ಚೆನ್ನಾಗಿ ಬಲ್ಲ ಮೆಕ್ಸಿಕೋ, ಚಿಲಿಯ ಜನ ಸಾವಿರಾರು ಸಂಖ್ಯೆಯಲ್ಲಿ ಗಣಿ ಬಿಟ್ಟು ಹೋದರು. ಅವರು ಬಿಟ್ಟುಹೋದ ಜಾಗದಲ್ಲಿ ನಿಂತವನೇ ತೆರೆಯ ಮೇಲೆ ನಾವು ಕಾಣುವ ಒಂಟಿ ಸಾಹಸಿ.